ಹಾಡಿನ ಋಣ

ಹಾಡುಗಾರನಿಗೆ ಕೇಳುಗನು ಹಣ ಕೊಡಬೇಕೆ ಎಂಬ ಪ್ರಶ್ನೆ ನಮ್ಮ ಪೂರ್ವಿಕರ ಮನಸ್ಸಿನಲ್ಲಿ ಏಳುವುದಕ್ಕೆ ಆಸ್ಪದವೇ ಇರಲಿಲ್ಲ. ಅರಮನೆಯ ದರ್ಬಾರಿನಲ್ಲಾಗಲಿ, ರಾಮನವಮಿಯ ಚಪ್ಪರದಲ್ಲಾಗಲಿ, ಮದುವೆಯ ಮನೆಯಲ್ಲಾಗಲಿ, ವಿದ್ವಾಂಸನು ಎದುರಿಗೆ ಕುಳಿತು ಹಾಡಿದಷ್ಟು ಹೊತ್ತು ಮಾತ್ರ ಹಾಡು ಇರುತ್ತಿತ್ತು. ಮಂಗಳ ಹಾಡಿ ಆತನು ಎದ್ದೊಡನೆ ಅದು ಕೇಳಿದವರ ನೆನಪಿಗೆ ಸಂದುಹೋಗುತ್ತಿತ್ತು, ಆತನು ತಾಂಬೂಲ ಫಲಗಳೊಡನೆ ಶಾಲನ್ನೋ ಸಂಭಾವನೆಯನ್ನೋ ಪಡೆದು ಊರಿಗೆ ಹಿಂದಿರುಗುತ್ತಿದ್ದನು. ಆ ಸಂಭಾವನೆ ಅನೇಕ ವೇಳೆ ಅಲ್ಪವಾಗಿತ್ತು, ಕೆಲವೊಮ್ಮೆ ಅವಮಾನಕರವಾಗಿಯೂ ಇತ್ತು. ಆದರೂ ಕೊಡತಕ್ಕವನು ಯಾರು, ಪಡೆಯತಕ್ಕವನು ಯಾರು ಎಂಬ ವಿಷಯದಲ್ಲಿ ಸಂದೇಹವಿರಲಿಲ್ಲ. ಸಂದೇಹವು ಹುಟ್ಟಿದುದು ಯಂತ್ರವೊಂದು ಹಾಡನ್ನು ಹಾಡುಗಾರನಿಂದ ಬೇರ್ಪಡಿಸಿ ಅದನ್ನು ಮಾರಾಟದ ವಸ್ತುವನ್ನಾಗಿ ಮಾಡಿದ ಮೇಲೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞನು ಕಲ್ಕತ್ತೆಗೆ ಬಂದು, ಅಲ್ಲಿನ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಮೂರು ನಿಮಿಷದೊಳಗೆ ಅಡಗಿಸಿ, ಲೋಹದ ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಿ, ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದರು. ಮೂಲಮುದ್ರೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗುತ್ತಿದ್ದುದರಿಂದ, ಹಾಡಿದವರು ಯಾರೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾಯಿತು. ಪ್ಲೇಟುಗಳು ಊರೂರಿಗೆ ಹರಡಿದುವು. ಆದರೆ ದೇಶದ ಉದ್ದಗಲಕ್ಕೂ ಧ್ವನಿಯನ್ನು ಹಂಚಿದ ಆ ಮಹಾಗಾಯಕಿ ತಮ್ಮ ಕೊನೆಗಾಲದಲ್ಲಿ ಆಶ್ರಯವನ್ನು ಅರಸಿ ಬಂದುದು ಮೈಸೂರಿಗೆ: 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿ 17ರಂದು ಅವರು ಇಲ್ಲಿಯೇ ತೀರಿಕೊಂಡರು. ಅವರ ಮುಪ್ಪಿಗೆ ಆಸರೆಯಾದುದು ಪ್ಲೇಟನ್ನು ಕೊಂಡ ಸಹಸ್ರ ಮಂದಿಯಲ್ಲ, ಹಳೆಯ ಕಾಲದ ಪದ್ಧತಿಯಂತೆ ಒಬ್ಬ ಅರಸರು.

ಇದಕ್ಕೆ ಕಾರಣವನ್ನು ಶಾಸನದಲ್ಲಿಯೇ ಹುಡುಕಬೇಕು. 1911ರ ಬ್ರಿಟಿಷ್ ಕೃತಿಸ್ವಾಮ್ಯ ಶಾಸನವು 1914ರಲ್ಲಿ ನಮ್ಮ ದೇಶಕ್ಕೂ ಅನ್ವಯವಾದಾಗ, ಧ್ವನಿಮುದ್ರಿಕೆಯನ್ನು ಕದ್ದು ನಕಲಿಸುವುದು ತಪ್ಪೆಂದು ಅದು ವಿಧಿಸಿತೆಂಬುದು ನಿಜ. ಆದರೆ ಆ ಮುದ್ರಿಕೆಯ ಕರ್ತೃ ಯಾರೆಂದರೆ ಮೂಲಮುದ್ರೆಯ ಒಡೆಯನೆಂದು ಅದು ನಿರ್ಣಯಿಸಿತು. ಉಸಿರು ಕಟ್ಟಿ ಹಾಡಿದವರು ಆ ನಿರ್ಣಯದಲ್ಲಿ ಎಲ್ಲಿಯೂ ಇರಲಿಲ್ಲ. ಸ್ವತಂತ್ರ ಭಾರತದ 1957ರ ಶಾಸನವೂ ಈ ಅನ್ಯಾಯವನ್ನು ಹಾಗೆಯೇ ಮುಂದುವರಿಸಿತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಹಾಡಿದ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದುವು. ಆ ಕಂಠವನ್ನು ಮನೆಯಲ್ಲಿ ಕುಳಿತು ಕೇಳಿ ಮೆಚ್ಚಿದವರು ಪ್ಲೇಟಿನ ಬೆಲೆಯನ್ನು ಅಂಗಡಿಯವನಿಗೆ ತೆತ್ತು ತಮ್ಮ ಋಣ ತೀರಿತೆಂದು ತಿಳಿದರೆ, ಅದು ಅವರ ತಪ್ಪಲ್ಲ. ಹೇಳುವವರು ಯಾರೂ ಇರಲಿಲ್ಲ.

ಪ್ಲೇಟನ್ನು ನಕಲಿಸಬೇಕಾದರೆ ಕಾರ್ಖಾನೆ ಬೇಕು. ಆದುದರಿಂದ ಬಹುಕಾಲ ಹಾಡಿನ ಕಳವು ಜನಸಾಮಾನ್ಯರ ಕೈಗೆ ಎಟುಕುವ ಕೆಲಸವಾಗಿರಲಿಲ್ಲ. 1963ರಲ್ಲಿ ಫಿಲಿಪ್ಸ್ ಕಂಪನಿಯವರು ಅಂಗೈಯಗಲದ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದರು. ಹದಿನೈದು ವರ್ಷಗಳೊಳಗೆ, ಕೊಲ್ಲಿಯ ದೇಶಗಳಿಗೆ ದುಡಿಯಹೋಗಿದ್ದವರ ಪೆಟ್ಟಿಗೆಗಳಲ್ಲಿ ಟೂ-ಇನ್-ಒನ್ ಯಂತ್ರಗಳು ನಮ್ಮ ಕರಾವಳಿಯ ಹಳ್ಳಿಗಳಿಗೂ ಬಂದಿಳಿದುವು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಜನ ನೆನೆಯುತ್ತಾರೆ, ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಪುಸ್ತಕವನ್ನು ಮುಟ್ಟದ ಮನೆಗಳನ್ನೂ ಮುಟ್ಟಿದುವು. ಅದರ ಹಿಂದೆಯೇ ಸಂಗೀತಾ, ಲಹರಿ ಮೊದಲಾದ ಕ್ಯಾಸೆಟ್ ಕಂಪನಿಗಳ ಹೆಸರುಗಳು ಕನ್ನಡಿಗರ ಮನೆಮಾತಾದುವು.

ಆಗಲೇ ಪ್ರತಿಯೊಂದು ಪೇಟೆಯ ಬೀದಿಯಲ್ಲಿಯೂ ‘ರೆಕಾರ್ಡಿಂಗ್ ಸೆಂಟರ್’ ಎಂಬ ಬೋರ್ಡು ಕಾಣಿಸಿಕೊಂಡಿತು. ಗಿರಾಕಿಯು ಸಿ-60ನ್ನೋ ಸಿ-90ನ್ನೋ ಖಾಲಿ ಕ್ಯಾಸೆಟ್ಟಾಗಿ ತಂದು, ತನಗೆ ಬೇಕಾದ ಹಾಡುಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದರೆ, ಅಂಗಡಿಯವನು ತನ್ನಲ್ಲಿದ್ದ ಲಾಂಗ್ ಪ್ಲೇ ತಟ್ಟೆಗಳಿಂದ ಅವನ್ನು ಒಂದೊಂದಾಗಿ ತುಂಬಿಸಿ, ಎರಡು ದಿನ ಬಿಟ್ಟು ಕೊಡುತ್ತಿದ್ದನು. ಹಾಡುಗಳ ಹೆಸರನ್ನು ಒಳಗಿನ ಕಾಗದದ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಡುವವರೂ ಇದ್ದರು. ಇದು ಕಳ್ಳತನವೆಂದು ಆ ಅಂಗಡಿಯವನಿಗಾಗಲಿ, ಗಿರಾಕಿಗಾಗಲಿ ತೋರಿದ್ದಿಲ್ಲ. ತನಗೆ ಪ್ರಿಯವಾದುದನ್ನು ಆಯ್ದು ಜೋಡಿಸಿಕೊಂಡ ಸಂತೋಷ ಒಬ್ಬನಿಗೆ, ಕೈಕೆಲಸಕ್ಕೆ ಕೂಲಿ ಪಡೆದ ತೃಪ್ತಿ ಇನ್ನೊಬ್ಬನಿಗೆ; ಇವರಿಬ್ಬರ ನಡುವೆ ಹಾಡಿದವನು, ಬರೆದವನು, ರಾಗ ಹಾಕಿದವನು ಮೂವರೂ ಮರೆತುಹೋದರು.

ಈ ನಕಲಿಗಳಿಂದ ಒಳ್ಳೆಯದೇನೂ ಆಗಲಿಲ್ಲವೆಂದು ನಾನು ಹೇಳಲಾರೆ, ಮತ್ತು ಹಾಗೆ ಹೇಳುವವರೊಡನೆ ಕರಾವಳಿಯ ಯಕ್ಷಗಾನದ ಉದಾಹರಣೆಯನ್ನು ಇಟ್ಟು ವಾದಿಸಲು ಸಿದ್ಧನಾಗಿದ್ದೇನೆ. 1980ರ ದಶಕದ ಬಯಲಾಟಗಳಲ್ಲಿ ರಂಗಸ್ಥಳದ ಪಕ್ಕದಲ್ಲಿ, ಭಾಗವತರ ಪೀಠದ ಬಳಿಯಲ್ಲಿ, ಅಭಿಮಾನಿಗಳು ತಂದಿಟ್ಟ ಟೇಪ್‌ರೆಕಾರ್ಡರುಗಳು ರಾತ್ರಿಯಿಡೀ ಓಡುತ್ತಿದ್ದುವು. ಅವರಲ್ಲೊಬ್ಬನು ನಿದ್ದೆಗೆಟ್ಟು ಮಗ್ಗುಲು ಬದಲಿಸಿದ ಸುರುಳಿ ಮರುವಾರದಲ್ಲಿ ಹತ್ತು ಕೈಗಳಿಗೆ ಪ್ರತಿಯಾಗುತ್ತಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಲೆಯ ಮಾತು, ‘ನಾಗಶ್ರೀ’ಯಂಥ ಪ್ರಸಂಗವನ್ನು ಬರೆದು ಹಾಡಿದ ಕಾಳಿಂಗ ನಾವಡರ ಭಾಗವತಿಕೆ, ಆಟ ನೋಡಲು ಬರಲಾಗದ ಎಷ್ಟೋ ಮಂದಿಗೆ ತಲುಪಿದುದು ಈ ಮಾರ್ಗವಾಗಿ. ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲಿಯೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಕಂಠವು ಇಂದಿಗೂ ಕೇಳಬರುತ್ತಿರುವುದರಲ್ಲಿ ಅಂದಿನ ಅಭಿಮಾನಿಗಳ ಸುರುಳಿಗಳ ಪಾಲು ಬಹು ದೊಡ್ಡದು. ಪ್ರೀತಿಯಿಂದ ನಕಲಿಸಿದವರು ಕಲೆಯನ್ನು ಉಳಿಸಿದರು. ಆದರೆ ಅದೇ ಸುರುಳಿ ಬಸ್ಸು ನಿಲ್ದಾಣದ ಅಂಗಡಿಯಲ್ಲಿ ಬೆಲೆಯ ಚೀಟಿ ಅಂಟಿಸಿಕೊಂಡು ಕುಳಿತ ದಿನ, ಮೇಳದ ಸಂಬಳವನ್ನಷ್ಟೇ ನಂಬಿ ಆರು ತಿಂಗಳು ರಾತ್ರಿಯೆಲ್ಲ ಹಾಡುವ ಭಾಗವತನಿಗೂ, ಮದ್ದಲೆ ಚೆಂಡೆಗಳವರಿಗೂ ಅದರಲ್ಲಿ ಕಾಸೂ ಬರಲಿಲ್ಲ. ಈ ಎರಡು ಸತ್ಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಸರಕಾರವು 1984ರಲ್ಲಿ ಶಾಸನವನ್ನು ಬಿಗಿಗೊಳಿಸಿತು. ನಕಲು ಮಾಡಿ ಮಾರುವವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆ, 50,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕ್ಯಾಸೆಟ್ಟಿನ ಮೇಲೆ ತಯಾರಕನ ಹೆಸರು ವಿಳಾಸಗಳೂ ಹಕ್ಕಿನ ಒಡೆಯನ ಹೆಸರೂ ಪ್ರಕಟಣೆಯ ವರ್ಷವೂ ಇರತಕ್ಕುದೆಂಬ ನಿಯಮ. ಮೆಜೆಸ್ಟಿಕ್ಕಿನ ಕಾಲುದಾರಿಗಳಲ್ಲಿ ವ್ಯಾಪಾರವೇನೋ ನಿಲ್ಲಲಿಲ್ಲ. ದೆಹಲಿಯ ದರಿಯಾಗಂಜಿನಲ್ಲಿ ಹಣ್ಣಿನ ರಸ ಮಾರುತ್ತಿದ್ದವರ ಮಗ ಗುಲ್ಶನ್ ಕುಮಾರರು ಕಟ್ಟಿದ ಟಿ-ಸೀರೀಸ್ ಸಂಸ್ಥೆಯು, ಸೂಚನೆಯಿತ್ತು ರಾಯಧನ ಸಲ್ಲಿಸಿದರೆ ಹಳೆಯ ಹಾಡನ್ನು ಬೇರೆಯವರಿಂದ ಹಾಡಿಸಿ ಮುದ್ರಿಸಬಹುದೆಂಬ 1957ರ ಶಾಸನದ ಅವಕಾಶವನ್ನು ಹಿಡಿದು, ಹಾಡುಗಳನ್ನು ಅಗ್ಗದ ಬೆಲೆಗೆ ದೇಶದ ತುಂಬ ಹರಡಿತು. ಬಡವನು ಕೊಳ್ಳಬಲ್ಲ ಬೆಲೆಗೆ ಹಾಡು ದೊರೆತುದು ಆ ಕಾಲದ ದೊಡ್ಡ ಲಾಭವೆಂಬುದನ್ನು ಒಪ್ಪಲೇಬೇಕು. ಹಾಗಾದರೂ ಮೂಲ ಹಾಡನ್ನು ಹಾಡಿದ್ದವರಿಗೆ ಆ ಲಾಭದಲ್ಲಿ ಭಾಗವಿರಲಿಲ್ಲ.

ಗಾಯಕರೊಳಗೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. 1960ರ ದಶಕದ ಆರಂಭದಲ್ಲಿ ಲತಾ ಮಂಗೇಶ್ಕರರು ಮಾರಾಟದ ಮೇಲೆ ಹಾಡುಗಾರರಿಗೂ ರಾಯಧನ ಬೇಕೆಂದು ಪಟ್ಟು ಹಿಡಿದರೆ, ಹಾಡಿದ ದಿನ ಪಡೆದ ಹಣಕ್ಕೆ ಲೆಕ್ಕ ಮುಗಿಯಿತೆಂದು ಮಹಮ್ಮದ್ ರಫಿಯವರು ವಾದಿಸಿದರು. ಈ ಭಿನ್ನಾಭಿಪ್ರಾಯದಿಂದ ಅವರಿಬ್ಬರೂ ಕೆಲವು ವರ್ಷ ಕೂಡಿ ಹಾಡಲಿಲ್ಲ. ರಫಿಯವರದು ಉದಾರ ಹೃದಯ. ಆದರೆ ಲತಾ ಅವರ ಮಾತೇ ನನಗೆ ಸರಿಯೆಂದು ತೋರುತ್ತದೆ, ಏಕೆಂದರೆ ಹಾಡು ಹಣ ತರುವುದು ಹಾಡಿದ ಒಂದು ದಿನದಲ್ಲಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರ ಸಂಗೀತದ ಹಕ್ಕುಗಳು ನಿರ್ಮಾಪಕನಿಗೆ ಸೇರುತ್ತವೆಂಬ ತೀರ್ಪಿತ್ತಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರರು ಪ್ರತ್ಯೇಕ ಟಿಪ್ಪಣಿಯನ್ನು ಬರೆದು, ಹಾಡುವವನಿಗೆ ಶಾಸನದಲ್ಲಿ ಹಕ್ಕಿಲ್ಲದಿರುವುದಕ್ಕೆ ವಿಷಾದಿಸಿದರು. ಪ್ರದರ್ಶಕ ಕಲಾವಿದರ ಹಕ್ಕೆಂಬುದು ನಮ್ಮ ಶಾಸನಕ್ಕೆ ಬಂದುದು 1994ರ ತಿದ್ದುಪಡಿಯಿಂದ. ಗೀತಕಾರ, ಸಂಗೀತಕಾರರು ಒಪ್ಪಂದದಲ್ಲಿ ಬಿಟ್ಟುಕೊಡಲಾಗದ ರಾಯಧನವೂ, ಗಾಯಕರ ಪಾಲೂ ದೃಢವಾದುದು 2012ರಲ್ಲಿ. ಗೌಹರ್ ಜಾನ್ ಕಹಳೆಯ ಮುಂದೆ ನಿಂತ ದಿನದಿಂದ ಅಲ್ಲಿಗೆ 110 ವರ್ಷ.

ಇಷ್ಟರಲ್ಲಿ ಕಳವಿನ ರೂಪ ಬದಲಾಗುತ್ತಲೇ ಬಂದಿತ್ತು: ನೂರಾರು ಹಾಡುಗಳ ಎಂಪಿ3 ಸಿ.ಡಿ., ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಉದ್ಯೋಗ, ಆಮೇಲೆ ಅದೂ ಬೇಡವಾದ ಇಂದಿನ ಸ್ಥಿತಿ. ಕಂಪನಿಯು ಗಾಯಕನಿಗೆ ಕೊಡುವುದಿಲ್ಲ, ಆದುದರಿಂದ ನಾನು ಕದ್ದರೆ ನಷ್ಟ ಕಂಪನಿಗೆ ಮಾತ್ರ ಎಂಬ ಸಮಾಧಾನವನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. 2012ರ ವರೆಗೆ ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆದರೆ ಉಳಿದ ಅರ್ಧ ಆಗಲೂ ಇರಲಿಲ್ಲ, ಏಕೆಂದರೆ ನಕಲಿ ಮಾರಿದ ಅಂಗಡಿಯವನು ಗಾಯಕನಿಗೆ ಮನಿಯಾರ್ಡರ್ ಕಳುಹಿಸುತ್ತಿರಲಿಲ್ಲ. ರಾಯಧನವು ಕಲಾವಿದನ ಹಕ್ಕೆಂದು ನಿರ್ಣಯವಾದ ಮೇಲೆ, ಹಣ ಕೊಡದೆ ಪಡೆದ ಪ್ರತಿಯೊಂದು ಪ್ರತಿಯೂ ನೇರವಾಗಿ ಆತನ ಪಾಲನ್ನೇ ತಿನ್ನುತ್ತದೆ. ತಿಂಗಳ ಚಂದಾ ಕೊಟ್ಟು ಕೇಳುವ ವ್ಯವಸ್ಥೆಯಲ್ಲಿ ಕಲಾವಿದನಿಗೆ ಸಿಗುವುದು ಅತ್ಯಲ್ಪವೆಂಬ ದೂರು ನ್ಯಾಯವಾದುದೇ. ಅಲ್ಪವಾದುದನ್ನು ಹೆಚ್ಚಿಸಿರೆಂದು ಕೇಳುವ ಅಧಿಕಾರ ಬರುವುದಾದರೂ ಅದನ್ನು ಕೊಡುವವರಿಗೆ.

ಯಕ್ಷಗಾನದ ಆ ಹಳೆಯ ಸುರುಳಿಗಳು ಈಗ ಯೂಟ್ಯೂಬನ್ನು ಸೇರಿವೆ. ಅವುಗಳನ್ನು ಉಳಿಸಿ, ಶುದ್ಧಗೊಳಿಸಿ ಹಾಕಿದವರ ಶ್ರಮ ವಂದನೀಯವಾದುದು. ಜಾಹೀರಾತುಗಳಿಂದ ಅದಕ್ಕೆ ವರಮಾನ ಬರತೊಡಗಿದರೆ ಅದರಲ್ಲಿ ಒಂದಂಶವು ಹಾಡಿದ ಭಾಗವತರಿಗೆ, ಅವರು ಇಲ್ಲವಾದರೆ ಅವರ ಮನೆಯವರಿಗೆ, ಅಂದು ಚೆಂಡೆ ಮದ್ದಲೆ ನುಡಿಸಿದವರಿಗೆ ಹೋಗತಕ್ಕುದು. ಶಾಸನದ ಬಲವು ಅಷ್ಟು ಹಿಂದಿನ ರಾತ್ರಿಗಳಿಗೆ ತಲುಪಲಿ, ತಲುಪದಿರಲಿ, ಯಾವ ಮೇಳದಲ್ಲಿ ಯಾರು ಹಿಮ್ಮೇಳಕ್ಕೆ ಕುಳಿತಿದ್ದರೆಂಬುದನ್ನು ಹೇಳಬಲ್ಲ ಹಿರಿಯರು ಕುಂದಾಪುರದಲ್ಲಿಯೂ ಉಡುಪಿಯಲ್ಲಿಯೂ ಇನ್ನೂ ಇದ್ದಾರೆ. ಅವರನ್ನು ಕೇಳಿ ಹೆಸರುಗಳನ್ನು ಬರೆದುಕೊಳ್ಳುವ ಕೆಲಸವನ್ನು ಈ ವರ್ಷವೇ ಆರಂಭಿಸಬಹುದು.