ಜೂನ್ ಒಂದನೆಯ ತಾರೀಖು

ಶಾಲೆ ಶಾಲೆಗಳ ನಡುವಣ ಪಂದ್ಯಗಳಲ್ಲಿ ಆಟಕ್ಕಿಂತ ಮೊದಲು ನಡೆಯುವುದು ಕಾಗದದ ಪರೀಕ್ಷೆ. ಹುಡುಗ ಯಾವ ಶಾಲೆಯವನು? ಅವನ ವಯಸ್ಸೆಷ್ಟು? ಈ ಎರಡು ಪ್ರಶ್ನೆಗಳಿಗೆ ಮುಖ್ಯೋಪಾಧ್ಯಾಯರ ಸಹಿಯುಳ್ಳ ಉತ್ತರ ದೊರೆತ ಮೇಲೆಯೇ ಸುಣ್ಣದ ಗೆರೆಯೊಳಗೆ ಕಾಲಿಡಲು ಅಪ್ಪಣೆ. ಗದಗಿಗೆ ಹತ್ತಿರದ ಮಲ್ಲಸಮುದ್ರದಲ್ಲಿ ಮನೆ ಮಾಡಿಕೊಂಡು, ಸುತ್ತಲಿನ ಹಳ್ಳಿಯೊಂದರಲ್ಲಿ ಮಾಸ್ತರಿಕೆ ಮಾಡಿದ ನಾನು ಅಂಥ ಉತ್ತರಗಳನ್ನು ಎಷ್ಟೋ ವರ್ಷ ಬರೆದುಕೊಟ್ಟವನು.

ಮೊದಲನೆಯ ಪ್ರಶ್ನೆಯ ಹಿಂದಿರುವುದು ಒಂದು ಭಯ: ಬಲವುಳ್ಳ ಶಾಲೆ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಉಳಿದವರ ಗತಿಯೇನು? ಆದರೆ ಶಾಲೆ ಬದಲಿಸುವುದೆಲ್ಲ ಕಪಟವಲ್ಲ. ಮುಂಬಯಿಯ ಸಚಿನ್ ತೆಂಡೂಲ್ಕರ್ ಗುರು ಆಚ್ರೇಕರರ ಸಲಹೆಯಂತೆ, ಆಟಕ್ಕಾಗಿಯೇ ಶಾರದಾಶ್ರಮ ವಿದ್ಯಾಮಂದಿರವನ್ನು ಸೇರಿದರು. 1988ರ ಹ್ಯಾರಿಸ್ ಶೀಲ್ಡ್ ಪಂದ್ಯದಲ್ಲಿ ವಿನೋದ ಕಾಂಬ್ಳಿಯವರೊಡನೆ 664 ರನ್ನುಗಳ ಜೊತೆಯಾಟವಾಡಿದ್ದು ಆ ಶಾಲೆಯ ಪರವಾಗಿಯೇ. 1970ರಲ್ಲಿ ನಮ್ಮ ಗದಗಿನಲ್ಲಿ ಹುಟ್ಟಿದ ಸುನೀಲ ಜೋಶಿಯವರದು ಬೇರೆಯ ದಾರಿ. ಬೆಳಗಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಗಂಟೆ ಬಾರಿಸುವ ಹೊತ್ತಿಗೆ ಗದಗಿನ ಶಾಲೆಗೆ ಹಿಂದಿರುಗುತ್ತಿದ್ದರು. 1996ರಲ್ಲಿ ಅವರು ಭಾರತದ ಪರವಾಗಿ ಟೆಸ್ಟ್ ಆಡಿದರು. ಇಬ್ಬರ ಕಾಗದಗಳೂ ನೇರವಾಗಿದ್ದವು. ಒಬ್ಬರಿಗೆ ಶಾಲೆಯೇ ಆಟವನ್ನು ಕೊಟ್ಟಿತು, ಇನ್ನೊಬ್ಬರು ಆಟವನ್ನು ಹುಡುಕಿಕೊಂಡು ಹೋಗಬೇಕಾಯಿತು.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದುದು. ಮಲ್ಲಸಮುದ್ರವೆಂಬ ಹೆಸರನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಸೀಮೆಯ ಜಾತ್ರೆಗಳ ಕುಸ್ತಿಯ ಕಣ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಹಿರಿಯರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಮೈಕಟ್ಟುಗಳನ್ನು ನೋಡಿ ಜೋಡಿ ಕೂಡಿಸುತ್ತಿದ್ದರು. ಹುಟ್ಟಿದ ತಾರೀಖನ್ನು ಯಾರೂ ಕೇಳುತ್ತಿರಲಿಲ್ಲ. ಪ್ರಾಚೀನ ಗ್ರೀಸಿನಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಒಲಿಂಪಿಯಾದಲ್ಲಿ ಬಾಲಕರ ಪಂದ್ಯಗಳು ಕ್ರಿ.ಪೂ. 632ರಲ್ಲಿ ಆರಂಭವಾದವು. ಬಾಲಕರನ್ನು ಪರೀಕ್ಷಿಸುವವರು ಲಂಚ ಮುಟ್ಟದೆ ನ್ಯಾಯವಾಗಿ ತೀರ್ಮಾನಿಸುವೆವೆಂದು ಪ್ರಮಾಣ ಮಾಡಬೇಕಾಗಿತ್ತೆಂದು ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಫೀರಿಯಾಸನೆಂಬ ಹುಡುಗನನ್ನು ತೀರ ಎಳೆಯನೆಂದು ಕುಸ್ತಿಯಿಂದ ಹೊರಗಿಟ್ಟರಂತೆ. ಮುಂದಿನ ಕೂಟದಲ್ಲಿ ಅವನೇ ಬಾಲಕರಲ್ಲಿ ಗೆದ್ದ. ಹದಿನೆಂಟರ ನಿಕಾಸಿಲಸನನ್ನು ಬಾಲಕನಲ್ಲವೆಂದು ತಳ್ಳಿದರೆ, ಅವನು ದೊಡ್ಡವರ ನಡುವೆ ಸೆಣಸಿ ಗೆದ್ದುಬಂದ. ಕಣ್ಣಂದಾಜಿನ ತೀರ್ಪು ತಪ್ಪಬಹುದು. ಆದರೆ ತೀರ್ಪು ಕೊಟ್ಟವನು ಹುಡುಗನನ್ನು ನೋಡಿಯಾದರೂ ಇರುತ್ತಿದ್ದ.

ನಮ್ಮ ಶಾಲೆಗಳಲ್ಲಿ ಆ ಕಣ್ಣಿನ ಸ್ಥಾನಕ್ಕೆ ದಾಖಲಾತಿ ಪುಸ್ತಕ ಬಂದಿತು. 1954ರಲ್ಲಿ ಅಖಿಲ ಭಾರತ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. ಈಗ ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರೆಂಬ ವರ್ಗಗಳು ತಾಲೂಕಿನಿಂದ ರಾಷ್ಟ್ರಮಟ್ಟದವರೆಗೆ ಬಳಕೆಯಲ್ಲಿವೆ. ಜನನ ಮರಣಗಳ ನೋಂದಣಿಗೆ 1969ರಲ್ಲಿ ಕಾಯ್ದೆಯೇನೋ ಬಂದಿತು. ಆದರೆ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಎಷ್ಟೋ ಕೂಸುಗಳ ತಾರೀಖು ಯಾವ ಪುಸ್ತಕವನ್ನೂ ಸೇರಲಿಲ್ಲ. ಶಾಲೆ ತೆರೆಯುವುದು ಜೂನಿನಲ್ಲಿ. ಅದಕ್ಕೆ ತಕ್ಕ ವಯಸ್ಸು ಕೂಡಿಬರುವಂತೆ ನಾವು ಮಾಸ್ತರರು ಬರೆದ ತಾರೀಖು ಜೂನ್ ಒಂದು. ಕರ್ನಾಟಕದಲ್ಲಿ ಇಂದಿಗೂ ಎಷ್ಟೋ ಹಿರಿಯರ ಕಾಗದದ ಹುಟ್ಟುಹಬ್ಬ ಅದೇ ದಿನ ಬರುತ್ತದೆ.

1978ರಲ್ಲಿ ತಾಯಿಯೊಬ್ಬಳು ತನ್ನ ಇಬ್ಬರು ಮಕ್ಕಳನ್ನು ಕರೆತಂದಳು. ಚಿಕ್ಕವನಿಗೆ ಐದೂ ತುಂಬಿರಲಿಲ್ಲ. ಅಣ್ಣನೊಡನೆ ಕೂತುಕೊಳ್ಳಲೆಂಬುದು ಅವಳ ಬೇಡಿಕೆ. ಅವಳಿಗೆ ಕೂಲಿಗೆ ಹೋಗಬೇಕಾಗಿತ್ತು. ನಾನು 1-6-1972 ಎಂದು ಬರೆದುಕೊಂಡೆ. ನಡುವೆ ದನ ಕಾಯುವುದರಲ್ಲಿ ಹುಡುಗನಿಗೆ ಎರಡು ವರ್ಷ ಹೋದವು. 1986ರಲ್ಲಿ ಏಳನೆಯ ಇಯತ್ತೆಯಲ್ಲಿದ್ದ ಅವನಂಥ ಕಬಡ್ಡಿಯಾಟಗಾರ ನಮ್ಮಲ್ಲಿ ಇನ್ನೊಬ್ಬನಿರಲಿಲ್ಲ. ತಾಲೂಕು ಪಂದ್ಯಕ್ಕೆ ಹೆಸರು ಬರೆಯುವಾಗ ಪುಸ್ತಕದ ಲೆಕ್ಕದಲ್ಲಿ ಅವನಿಗೆ ಹದಿನಾಲ್ಕು ಮುಗಿದಿತ್ತು. ಅವನನ್ನು ಬಿಟ್ಟೇ ಹೋದೆವು. ಎದುರು ತಂಡದಲ್ಲಿ ಮೀಸೆ ಚಿಗುರಿದ ಒಬ್ಬನಿದ್ದ. ಅವನ ಕಾಗದದಲ್ಲಿ ಹದಿಮೂರು! ನಾವು ಸೋತೆವು.

ಮರುದಿನ ತಾಯಿ ಶಾಲೆಗೆ ಬಂದಳು. “ನನ್ನ ಮಗ ಬರಗಾಲ ಹ್ವಾದ ಮ್ಯಾಲೆ ಹುಟ್ಟಿದಾಂವ್ರಿ ಮಾಸ್ತರ. ನಿಮ್ಮ ಬುಕ್ಕಿನ್ಯಾಗ ಬರಗಾಲದಾಗ ಹ್ಯಾಂಗ ಹುಟ್ಟಿದ್ರಿ?” ಎಂದು ಕೇಳಿದಳು. 1972ರ ಬರವನ್ನು ಕಂಡವರಿಗೆ ಆ ಲೆಕ್ಕ ತಪ್ಪುವುದಿಲ್ಲ. ತಾರೀಖನ್ನು ಬರೆದವನು ನಾನೇ. ಅದನ್ನು ತೋರಿಸಿ ಅವನನ್ನು ಹೊರಗಿಟ್ಟವನೂ ನಾನೇ. ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಎಡಗೈ ಮಣಿಕಟ್ಟಿನ ಕ್ಷಕಿರಣ ಚಿತ್ರ ತೆಗೆದು, ಎಲುಬುಗಳ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ. ಕ್ರಿಕೆಟ್ ಮಂಡಳಿ ಹದಿನಾರರೊಳಗಿನ ಹುಡುಗರಿಗೆ ಈ ಪರೀಕ್ಷೆಯನ್ನು ಬಳಸುತ್ತದೆ. ಎಲುಬು ಕೂಡ ಹುಟ್ಟಿದ ದಿನವನ್ನು ಹೇಳಲಾರದು. ತಾನು ಎಷ್ಟು ಬಲಿತಿರುವೆನೆಂಬುದನ್ನು ಮಾತ್ರ ಹೇಳುತ್ತದೆ. ಉಂಡು ಬೆಳೆದ ಮಗುವಿನ ಎಲುಬೂ ಅರೆಹೊಟ್ಟೆಯ ಮಗುವಿನ ಎಲುಬೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಆದುದರಿಂದ ಯಂತ್ರ ಬಂದಮೇಲೂ ಮೊದಲು ಬರೆಯುವವನ ಹೊಣೆ ತಪ್ಪಿದಂತಾಗಲಿಲ್ಲ.

ಮಲ್ಲಸಮುದ್ರದಲ್ಲಿಯೇ ಈಗ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಕೆಲವು ವರ್ಷಗಳ ಹಿಂದೆ ಆ ದಾರಿಯಲ್ಲಿ ನನ್ನ ಹಳೆಯ ಕಬಡ್ಡಿಯಾಟಗಾರ ಎದುರಾದ. ಮಗಳನ್ನು ಶಾಲೆಗೆ ಸೇರಿಸಲು ಹೊರಟಿದ್ದ. ಜೇಬಿನಿಂದ ಜನನ ಪತ್ರವನ್ನು ತೆಗೆದು ನನ್ನ ಕೈಗಿತ್ತು, “ನೋಡ್ರಿ ಮಾಸ್ತರ, ಇದರಾಗ ಖರೇ ತಾರೀಖ ಐತಿ” ಎಂದು ನಕ್ಕ. ಕನ್ನಡಕ ಹಾಕಿಕೊಂಡು ನೋಡಿದೆ. ಅದು ಜೂನ್ ಒಂದು ಆಗಿರಲಿಲ್ಲ.