ಯವನಿಕೆಯಿಲ್ಲದ ರಂಗಭೂಮಿ

ನೋಡಿ ನಲಿಯುವುದು ಮನುಷ್ಯನ ಸಹಜಧರ್ಮ. ಆದರೆ ಏನನ್ನು ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವುದನ್ನು ನೋಡದೆ ಬಿಡಬೇಕು ಎಂಬ ವಿಚಾರದಲ್ಲಿ ನಮ್ಮ ಪೂರ್ವಿಕರು ಕೆಲವು ಕಟ್ಟಳೆಗಳನ್ನು ಮಾಡಿದ್ದರು. ಶಯನ, ಚುಂಬನ, ಆಲಿಂಗನ, ಭೋಜನ ಮೊದಲಾದುವನ್ನು ರಂಗದ ಮೇಲೆ ತೋರಕೂಡದೆಂದು ಭರತನ ನಾಟ್ಯಶಾಸ್ತ್ರವು ವಿಧಿಸುತ್ತದೆ. 10ನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಸ್ನಾನವನ್ನೂ ನಿಷೇಧಿಸಿದ್ದಾನೆ. ಮೂಡಲಪಾಯದ ಬಯಲಾಟವು ಇರುಳೆಲ್ಲ ನಡೆದರೂ ಮಂಗಳ ಹಾಡಿ ಮುಗಿಯುವುದು. ವೇಷ ಕಳಚಿದ ರಾವಣನು ಮತ್ತೆ ತನ್ನ ಹೊಲದ ಕೆಲಸಕ್ಕೆ ಹೊರಡುವನು. ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯಂತಹ ದೇವರಿಗೂ ನೈವೇದ್ಯದ ವೇಳೆಗೆ ತೆರೆಯುಂಟು, ರಾತ್ರಿಗೆ ಬಾಗಿಲುಂಟು.

ಈ ತೆರೆಯೂ ಈ ಮಂಗಳವೂ ಇಲ್ಲದ ವಿನೋದವೊಂದು ಕಳೆದ ಮೂರು ದಶಕಗಳಲ್ಲಿ ಹುಟ್ಟಿ ಬೆಳೆದು ನಮ್ಮ ಹಳ್ಳಿಗಳ ಜಗಲಿಯವರೆಗೂ ಬಂದಿದೆ. ಅದರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರಲ್ಲಿ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶವು.

ಇದರ ಮೂಲವು ನಗೆ ತರಿಸುವಂತಹುದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕೆಲವು ಪಂಡಿತರು, ಪಾತ್ರೆಯಲ್ಲಿ ಕಾಫಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಕುಳಿತಲ್ಲಿಂದಲೇ ತಿಳಿಯಲು ಅದರ ಮುಂದೊಂದು ಕ್ಯಾಮರಾ ಇರಿಸಿದರು. 1993ರಲ್ಲಿ ಆ ಚಿತ್ರವು ಅಂತರ್ಜಾಲಕ್ಕೇರಿತು. 1996ರಲ್ಲಿ ಅಮೆರಿಕಾದ ಓರ್ವ ವಿದ್ಯಾರ್ಥಿನಿಯು ತನ್ನ ಕೊಠಡಿಯ ಚಿತ್ರವನ್ನು ಹಗಲಿರುಳೂ ಲೋಕಕ್ಕೆ ತೋರತೊಡಗಿದಳು. ಹೀಗೆ ಪಾತ್ರೆಯ ಸ್ಥಾನಕ್ಕೆ ಮನುಷ್ಯನು ಬಂದನು. 1999ನೆಯ ಇಸವಿ ಸೆಪ್ಟೆಂಬರ್ 16ರಂದು ಹಾಲೆಂಡಿನಲ್ಲಿ 'ಬಿಗ್ ಬ್ರದರ್' ಆರಂಭವಾಯಿತು. ಗಡಿಯಾರ, ಪತ್ರಿಕೆ, ಬಂಧುಗಳ ಮಾತು ಯಾವುದೂ ಇಲ್ಲದ ಮನೆಯಲ್ಲಿ ಕೆಲವರನ್ನು ಕೂಡಿಹಾಕಿ, ಅವರ ನಡೆನುಡಿಗಳನ್ನು ನೋಡಿ, ಯಾರು ಇರಬೇಕು, ಯಾರು ಹೋಗಬೇಕೆಂದು ಪ್ರೇಕ್ಷಕರೇ ತೀರ್ಪು ಕೊಡುವ ಕ್ರಮವಿದು. 1949ರಲ್ಲಿ ಜಾರ್ಜ್ ಆರ್ವೆಲ್ ಎಂಬ ಲೇಖಕನು ತನ್ನ ಕಾದಂಬರಿಯಲ್ಲಿ, ಪ್ರಜೆಗಳನ್ನು ಸದಾ ನೋಡುತ್ತಿರುವ ನಿರಂಕುಶಪ್ರಭುವಿಗೆ ಇಟ್ಟ ಹೆಸರೇ ಬಿಗ್ ಬ್ರದರ್. ಭೀತಿಯ ಹೆಸರು ಐವತ್ತೇ ವರ್ಷಗಳಲ್ಲಿ ವಿನೋದದ ಹೆಸರಾಯಿತು!

ಭಾರತಕ್ಕೆ ಇದು 2006ರಲ್ಲಿ 'ಬಿಗ್ ಬಾಸ್' ಎಂಬ ಹೆಸರಿನಿಂದ ಹಿಂದಿಯಲ್ಲಿ ಬಂದಿತು. ಮರುವರ್ಷದ ಜನವರಿಯಲ್ಲಿ ಮಂಗಳೂರಿನಲ್ಲಿ ಜನಿಸಿದ ಶಿಲ್ಪಾ ಶೆಟ್ಟಿಯವರು ಇಂಗ್ಲೆಂಡಿನ ಅಂತಹ ಮನೆಯಲ್ಲಿ ಸಹವಾಸಿಗಳ ಹೀನೋಕ್ತಿಗಳಿಗೆ ಗುರಿಯಾದಾಗ, ಅಲ್ಲಿನ ನಿಯಂತ್ರಣ ಸಂಸ್ಥೆಗೆ 40,000ಕ್ಕೂ ಮಿಕ್ಕ ದೂರುಗಳು ಹೋದುವು. ಕೊನೆಗೆ ಅವರೇ ಗೆದ್ದರು. ನೋಡುವವರಲ್ಲಿ ಧರ್ಮಬುದ್ಧಿಯೂ ಇರುವುದೆಂಬುದಕ್ಕೆ ಇದು ನಿದರ್ಶನ. ಕನ್ನಡದಲ್ಲಿ ಇದು 2013ರ ಮಾರ್ಚಿಯಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಮೊದಲಾಯಿತು. ಮೊದಲ ಮನೆ ಮಹಾರಾಷ್ಟ್ರದ ಲೋಣಾವಳದಲ್ಲಿತ್ತು. ಅನಂತರ ಬಿಡದಿಗೆ ಬಂದಿತು. 2022ರ ಆಗಸ್ಟಿನಲ್ಲಿ ವೂಟ್ ಎಂಬ ಅಂತರ್ಜಾಲ ವೇದಿಕೆಯಲ್ಲಿ 42 ದಿನಗಳ ಆವೃತ್ತಿಯನ್ನು ದಿನದ 24 ಗಂಟೆಯೂ ನೇರವಾಗಿ ತೋರಿಸಿದರು. 2023ರಲ್ಲಿ ಹತ್ತನೆಯ ಆವೃತ್ತಿಯೂ ಜಿಯೋಸಿನಿಮಾದಲ್ಲಿ ಹೀಗೆಯೇ ದೊರೆಯಿತು.

ನೇರಪ್ರಸಾರದಲ್ಲಿ ಸಂಪಾದಕನ ಕತ್ತರಿಯಿಲ್ಲ, ಆದುದರಿಂದ ಅಲ್ಲಿ ಸತ್ಯವೇ ಕಾಣುವುದೆಂದು ಕೆಲವರ ಮತ. ರಾತ್ರಿಯ ಒಂದು ಗಂಟೆಯ ಕಂತಿನಲ್ಲಿ ಜಗಳಗಂಟಿಯಾಗಿ ತೋರುವವಳು ಹಗಲೆಲ್ಲ ಸಮಾಧಾನದಿಂದ ಅಡಿಗೆ ಮಾಡುತ್ತಿದ್ದುದು ಇಲ್ಲಿ ತಿಳಿದೀತು. ಆ ಮಟ್ಟಿಗೆ ಈ ಮತವು ಗ್ರಾಹ್ಯವೇ. ಆದರೆ ಅನೇಕ ಕ್ಯಾಮರಾಗಳಲ್ಲಿ ಯಾವುದರ ದೃಶ್ಯ ನಮಗೆ ಬರಬೇಕೆಂದು ಆರಿಸುವವನು ಅಲ್ಲಿಯೂ ಇದ್ದಾನೆ. ಇದಲ್ಲದೆ, ನೋಡುತ್ತಿದ್ದಾರೆಂದು ಬಲ್ಲವನು ನಟನಾಗದೆ ಇರಲಾರನು. ಬರೆದ ಸಂಭಾಷಣೆ ಇಲ್ಲದಿರಬಹುದು; ವೇಷವಿಲ್ಲವೆನ್ನಲಾಗದು. ಬಯಲಾಟದವನಿಗೆ ಅದನ್ನು ಕಳಚುವ ಹೊತ್ತುಂಟು, ಇವರಿಗೆ ಅದಿಲ್ಲ.

ಆ ಹೊತ್ತು ಬಂದ ಮೇಲೆಯೂ ಎಲ್ಲರಿಗೂ ಹೊಲ ಕಾದಿರುವುದಿಲ್ಲ. ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯ ಕಾಡಂಚಿನ ರಾಜೇಶನೆಂಬ ಬುಡಕಟ್ಟಿನ ತರುಣನನ್ನು ವಾಚಕರು ಮರೆತಿರಲಾರರು. 'ಹಳ್ಳಿ ಹೈದ ಪ್ಯಾಟೆಗ್ ಬಂದ' ಎಂಬ ಸ್ಪರ್ಧೆಯು ಇಡೀ ದಿನದ ನೇರಪ್ರಸಾರವಲ್ಲದಿದ್ದರೂ ಇದೇ ವಂಶದ್ದು. ಅದರಲ್ಲಿ ಅವನು ಗೆದ್ದನು, 'ಜಂಗಲ್ ಜಾಕಿ' ಚಿತ್ರದ ನಾಯಕನಾದನು. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡನು. ಇದಕ್ಕೆ ಇಂತಹುದೇ ಕಾರಣವೆಂದು ನಿರ್ಣಯಿಸುವುದು ನ್ಯಾಯವಲ್ಲ. ಆದರೆ ಅವನ ಪೇಟೆಯ ತಬ್ಬಿಬ್ಬನ್ನು ಕಂಡು ನಕ್ಕವರೆಷ್ಟು ಮಂದಿ, ದೀಪಗಳು ಆರಿದ ಬಳಿಕ ಅವನನ್ನು ನೆನೆದವರೆಷ್ಟು ಮಂದಿ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಭರತನು ಶಯನಭೋಜನಗಳನ್ನು ಮರೆಮಾಡಿದುದು ಅವು ಕೀಳೆಂಬ ಭಾವನೆಯಿಂದ ಮಾತ್ರವಲ್ಲ, ಅವು ಮನುಷ್ಯನ ಸ್ವಂತ ಆಸ್ತಿಯೆಂಬ ಮರ್ಯಾದೆಯಿಂದಲೂ ಎಂದು ನಮ್ಮ ಅಭಿಪ್ರಾಯ. ಹೊಸ ರಂಗದಲ್ಲಿ ತೆರೆ ಎಳೆಯುವ ಸೂತ್ರಧಾರನಿಲ್ಲ; ಆ ಅಧಿಕಾರವು ಪ್ರೇಕ್ಷಕನ ಕೈಬೆರಳಿಗೆ ಬಂದಿದೆ. ಗೃಹಸ್ಥರು ಅದನ್ನು ವಿವೇಕದಿಂದ ಬಳಸಲಿ. ನಿದ್ರಿಸುವವನನ್ನು ನಿದ್ರಿಸಗೊಡುವುದು, ಅಳುವವನಿಗೆ ಏಕಾಂತ ಕೊಡುವುದು, ಇವೂ ಸಹೃದಯನ ಲಕ್ಷಣಗಳೇ.