ಹಿಮಾಲಯದ ದೀರ್ಘ ಪಾದಯಾತ್ರೆಗಳ ಪೂರ್ವಯೋಜನೆ: ಒಂದು ಐತಿಹಾಸಿಕ ಪರಿಶೀಲನೆ

ಪರ್ವತಾರೋಹಣದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಿಖರದ ಮೇಲೆಯೇ ದೃಷ್ಟಿಯನ್ನಿಟ್ಟು ಬರೆಯುತ್ತಾರೆ. ಯಾರು ಎಲ್ಲಿಯವರೆಗೆ ಏರಿದರು, ಯಾರು ಯಾವ ಎತ್ತರದಿಂದ ಹಿಂದಿರುಗಿದರು ಎಂಬ ಸಂಗತಿಗಳೇ ಅವರಿಗೆ ಮುಖ್ಯವಾಗುತ್ತವೆ. ಆದರೆ ಶಿಖರದ ಬುಡವನ್ನು ಸೇರುವುದಕ್ಕೆ ಮುನ್ನ ವಾರಗಟ್ಟಲೆ ನಡೆಯಬೇಕಾದ ಹಾದಿಯೊಂದುಂಟು. ಆ ನಡಿಗೆಯನ್ನು ಯಾರು, ಯಾವ ಲೆಕ್ಕಾಚಾರದ ಮೇಲೆ ಯೋಜಿಸಿದರು? ಆ ಲೆಕ್ಕದಲ್ಲಿ ಯಾರ ದೇಹಶಕ್ತಿ ಪರಿಗಣಿತವಾಯಿತು, ಯಾರದು ಆಗಲಿಲ್ಲ? ಈ ಪ್ರಶ್ನೆಗಳನ್ನು ನಾವು ಇಲ್ಲಿ ಎತ್ತಿಕೊಳ್ಳುತ್ತೇವೆ. ಎವರೆಸ್ಟಿನ ತಪ್ಪಲಿಗೆ ಹೋಗುವ ಎರಡು ಹಾದಿಗಳು, ಎಂದರೆ 1921ರ ಟಿಬೆಟ್ಟಿನ ಹಾದಿ ಮತ್ತು 1950ರಿಂದೀಚಿನ ನೇಪಾಳದ ಹಾದಿ, ನಮ್ಮ ಪರಿಶೀಲನೆಯ ಪ್ರಧಾನ ಕ್ಷೇತ್ರ.

ಉನ್ನತ ಪ್ರದೇಶದ ದೀರ್ಘಯಾತ್ರೆಯ ಯೋಜನೆಗೆ ಹಾದಿ, ಋತು, ಹೊರೆ, ದಿನಸಂಖ್ಯೆ ಎಂಬ ನಾಲ್ಕು ಅಂಗಗಳಿವೆ. ಇವುಗಳಲ್ಲಿ ಹೊರೆಯ ಲೆಕ್ಕ ಅತ್ಯಂತ ನಿಷ್ಠುರವಾದದ್ದು. ಒಬ್ಬ ಹೊರೆಯಾಳು 30 ಕಿಲೋಗ್ರಾಂ ಧಾನ್ಯವನ್ನು ಹೊತ್ತು, ದಿನಕ್ಕೆ 1 ಕಿಲೋಗ್ರಾಂ ತಿನ್ನುತ್ತಾನೆ ಎಂದಿಟ್ಟುಕೊಳ್ಳೋಣ. ಅವನು 15 ದಿನ ಮುಂದಕ್ಕೆ ನಡೆದು, 15 ದಿನ ಹಿಂದಕ್ಕೆ ಬರಬೇಕಾದರೆ, ಹೊತ್ತ ಹೊರೆಯೆಲ್ಲವೂ ಅವನ ಹೊಟ್ಟೆಗೇ ಸಾಲುವುದು. ಯಾತ್ರೆಯ ಯಜಮಾನನಿಗೆ ಒಂದು ಹಿಡಿಯೂ ಉಳಿಯದು. ಆದ್ದರಿಂದ ದೀರ್ಘಯಾತ್ರೆಯ ಹಾದಿಯು ಧಾನ್ಯವನ್ನು ಮಾರಬಲ್ಲ ಹಳ್ಳಿಗಳನ್ನು ಹಿಡಿದೇ ಸಾಗಬೇಕಾಗುತ್ತದೆ. ನಿರ್ಜನ ಪ್ರದೇಶವನ್ನು ಹೊಕ್ಕಮೇಲೆ ಉಳಿಯುವ ದಿನಗಳು ಎಣಿಕೆಯವು. ಪರ್ವತಮಾರ್ಗಗಳ ಭೂಪಟವೆಂದರೆ ಬಹುಮಟ್ಟಿಗೆ ಆಹಾರ ದೊರೆಯುವ ಸ್ಥಳಗಳ ಭೂಪಟವೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಲಾಗದು.

1921ರಲ್ಲಿ ನೇಪಾಳ ವಿದೇಶೀಯರಿಗೆ ಮುಚ್ಚಿದ್ದಿತು. ಹದಿಮೂರನೆಯ ದಲಾಯಿ ಲಾಮಾ ಅವರ ಅನುಮತಿ ದೊರೆತುದರಿಂದ, ಹೋವರ್ಡ್-ಬ್ಯೂರಿಯವರ ನಾಯಕತ್ವದಲ್ಲಿ ಪರಿಶೋಧಕ ತಂಡವು ಮೇ ತಿಂಗಳಲ್ಲಿ ದಾರ್ಜಿಲಿಂಗಿನಿಂದ ಹೊರಟಿತು. ಸೈನ್ಯದವರು ಒದಗಿಸಿದ್ದ ಸುಮಾರು 100 ಹೇಸರಗತ್ತೆಗಳು ಬಯಲುಸೀಮೆಯಲ್ಲಿ ಸಾಕಿದಂಥವು. ಸಿಕ್ಕಿಮಿನ ಮಳೆಗಾಡಿನ ಕಡಿದಾದ ಏರಿಳಿತಗಳಲ್ಲಿ ಅವು ಕೆಲವೇ ದಿನಗಳಲ್ಲಿ ಸೋತುಹೋದವು. ಅವುಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅಲ್ಲಿಂದ ಮುಂದೆ ತಂಡವನ್ನು ಸಾಗಿಸಿದುದು ಆ ನಾಡಿನ ಪ್ರಾಣಿಗಳು ಮತ್ತು ಆ ನಾಡಿನ ಆಡಳಿತ. ಲ್ಹಾಸಾದಿಂದ ಬಂದ ರಹದಾರಿಯು, ಒಪ್ಪಿತವಾದ ದರಕ್ಕೆ ಕುದುರೆ, ಹೇರುಪ್ರಾಣಿ, ಆಳುಗಳನ್ನು ಒದಗಿಸಬೇಕೆಂದು ಪ್ರತಿಯೊಂದು ಜೋಂಗಿನ ಅಧಿಕಾರಿಗೂ ಆಜ್ಞಾಪಿಸಿತ್ತು. ಆ ಒಂದು ಕಾಗದದ ಬಲವಿಲ್ಲದಿದ್ದರೆ, ಇಂಗ್ಲೆಂಡಿನಲ್ಲಿ ಕುಳಿತು ಮಾಡಿದ ಸಕಲ ಸಿದ್ಧತೆಯೂ ವ್ಯರ್ಥವಾಗುತ್ತಿತ್ತೆಂದು ಹೇಳಬೇಕು.

ಆ ತಂಡದಲ್ಲಿ ಅಲೆಕ್ಸಾಂಡರ್ ಕೆಲ್ಲಾಸ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಎತ್ತರದ ಪ್ರದೇಶದಲ್ಲಿ ಮನುಷ್ಯದೇಹವು ಹೇಗೆ ವರ್ತಿಸುತ್ತದೆ ಎಂಬ ವಿಷಯದಲ್ಲಿ ಆ ಕಾಲದಲ್ಲಿ ಅವರಷ್ಟು ತಿಳಿದವರು ವಿರಳ. ಷೆರ್ಪಾ ಜನರ ಸಾಮರ್ಥ್ಯವನ್ನು ಮೊದಲು ಗುರುತಿಸಿ, ಅವರೊಡನೆ ಸಿಕ್ಕಿಮಿನ ಶಿಖರಗಳನ್ನೇರಿದವರಲ್ಲಿ ಅವರೂ ಒಬ್ಬರು. ಹಿಂದಿನ ತಿಂಗಳುಗಳ ಆರೋಹಣಗಳಿಂದ ದಣಿದಿದ್ದ ಅವರು ಹಾದಿಯಲ್ಲಿಯೇ ಆಮಶಂಕೆಗೆ ತುತ್ತಾಗಿ, 1921ರ ಜೂನ್ 5ರಂದು ಕಂಪಾ ಜೋಂಗಿನ ಸಮೀಪದಲ್ಲಿ ತೀರಿಕೊಂಡರು. ಎವರೆಸ್ಟ್ ಇನ್ನೂ ದೂರವಿದ್ದಿತು. ದುರ್ಗಮವಾದದ್ದು ಶಿಖರವೊಂದೇ ಅಲ್ಲ, ಅದರ ಹಾದಿಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮರುವರ್ಷ, 1922ರ ಜೂನ್ 7ರಂದು, ಉತ್ತರ ಕಣಿವೆದಾರಿಯ ಕೆಳಗಿನ ಇಳಿಜಾರಿನಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ಏಳು ಮಂದಿ ಹೊರೆಯಾಳುಗಳು ಮಡಿದರು. ಯೂರೋಪಿಯನ್ನರಲ್ಲಿ ಒಬ್ಬರೂ ಸಾಯಲಿಲ್ಲ. 1928ರಲ್ಲಿ ಸ್ಥಾಪಿತವಾದ ಹಿಮಾಲಯನ್ ಕ್ಲಬ್ಬು ದಾರ್ಜಿಲಿಂಗಿನ ಹೊರೆಯಾಳುಗಳ ಹೆಸರುಗಳನ್ನೂ ಸೇವೆಯ ವಿವರಗಳನ್ನೂ ದಾಖಲೆ ಮಾಡುವ ಪದ್ಧತಿಯನ್ನು ಬೆಳೆಸಿತು. ಅಲ್ಲಿಯವರೆಗೆ ಬಹುಮಂದಿ ಸಂಖ್ಯೆಯಾಗಿಯೇ ಉಳಿದಿದ್ದರು.

ನೇಪಾಳದ ಬಾಗಿಲು ತೆರೆದ ಮೇಲೆ ಯೋಜನೆಯ ಸ್ವರೂಪ ಬದಲಾಯಿತು. 1953ರ ಮಾರ್ಚ್ 10ರಂದು ಜಾನ್ ಹಂಟ್ ಅವರ ತಂಡದ ಮೊದಲ ಭಾಗವು ಕಠ್ಮಂಡು ಕಣಿವೆಯ ಭಾದಗಾಂವಿನಿಂದ ಹೊರಟಿತು. ಸುಮಾರು 350 ಹೊರೆಯಾಳುಗಳು ಎರಡು ಭಾಗಗಳಾಗಿ ನಡೆದು, ಎರಡು ವಾರಗಳಿಗೆ ಮಿಕ್ಕಿದ ಅವಧಿಯಲ್ಲಿ ಥ್ಯಾಂಗ್‌ಬೋಚೆಯ ವಿಹಾರವನ್ನು ಸೇರಿದರು. ಹಾದಿಯು ಬೆಟ್ಟದ ಸಾಲುಗಳಿಗೆ ಅಡ್ಡಲಾಗಿ ಹಾಯ್ದಿತ್ತಾದ್ದರಿಂದ ದಿನದಿನವೂ ಏರಿ ಇಳಿಯಬೇಕಾಗಿತ್ತು. ಅನಂತರವೂ ಹಂಟ್ ಅವರು ಮೇಲಕ್ಕೆ ಧಾವಿಸದೆ, ದೇಹವು ಎತ್ತರಕ್ಕೆ ಹೊಂದಿಕೊಳ್ಳಲೆಂದು ಸುಮಾರು ಮೂರು ವಾರಗಳನ್ನು ಮೀಸಲಿಟ್ಟರು. ಆಮ್ಲಜನಕದ ಎರಡನೆಯ ಕಂತನ್ನು ಹೊರೆಯಾಳುಗಳೊಡನೆ ಹಿಂದಿನಿಂದ ತಂದವರು ಗೂರ್ಖಾ ಪಡೆಯ ಅಧಿಕಾರಿ ಜಿಮ್ಮಿ ರಾಬರ್ಟ್ಸ್.

ಈ ರಾಬರ್ಟ್ಸ್ ಅವರೇ 1964ರಲ್ಲಿ ಕಠ್ಮಂಡುವಿನಲ್ಲಿ ಮೌಂಟನ್ ಟ್ರಾವೆಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಶಿಖರವನ್ನೇರುವ ಹಂಬಲವಿಲ್ಲದ ಸಾಮಾನ್ಯ ಯಾತ್ರಿಕರನ್ನು ಪರ್ವತದ ತಪ್ಪಲಿಗೆ ಕರೆದೊಯ್ಯುವ ವೃತ್ತಿಗೆ ನಾಂದಿ ಹಾಡಿದರು. 1965ರಲ್ಲಿ ಬಂದ ಮೊದಲ ಯಾತ್ರಿಕರು ಮೂವರು ಅಮೆರಿಕನ್ ಮಹಿಳೆಯರು. ಸರದಾರ, ಅಡಿಗೆಯವರು, ಡೇರೆಗಳು, ಹೊರೆಯಾಳುಗಳ ಸಾಲು, ಹೀಗೆ ಆರೋಹಣ ತಂಡಗಳ ಸಂಪೂರ್ಣ ವ್ಯವಸ್ಥೆಯನ್ನೇ ಅವರು ಪ್ರವಾಸಿಗರಿಗೆ ಅಳವಡಿಸಿದರು. ಇಂದಿನ ಮಾರ್ಗದರ್ಶಿತ ಪಾದಯಾತ್ರೆಯು ಶಿಖರಾರೋಹಣದಿಂದ ಶಿಖರವನ್ನು ಕಳೆದು ಉಳಿದುದು ಎಂದರೆ ತಪ್ಪಾಗಲಾರದು.

ಅದೇ 1964ರಲ್ಲಿ ಮತ್ತೊಂದು ಘಟನೆ ನಡೆಯಿತು. ಎಡ್ಮಂಡ್ ಹಿಲರಿಯವರು ಖುಂಬು ಪ್ರದೇಶದಲ್ಲಿ ಆಸ್ಪತ್ರೆಯನ್ನು ಕಟ್ಟಲು ಬೇಕಾದ ಸಾಮಗ್ರಿಗಳ ಸಾಗಣೆಗಾಗಿ, ಸುಮಾರು 2,800 ಮೀಟರು ಎತ್ತರದ ಲುಕ್ಲಾದಲ್ಲಿ ವಿಮಾನದಾಣವನ್ನು ನಿರ್ಮಿಸಿದರು. ಉದ್ದೇಶ ಪರೋಪಕಾರದ್ದು, ಆದರೆ ಪ್ರವಾಸಿಗರು ಅದನ್ನು ಬಳಸತೊಡಗಿದೊಡನೆ ಎರಡು ವಾರದ ನಡಿಗೆ ಒಂದು ಗಂಟೆಗೂ ಕಡಿಮೆಯ ಹಾರಾಟಕ್ಕೆ ಇಳಿಯಿತು. ಇದರ ಪರಿಣಾಮವನ್ನು ಪೀಟರ್ ಹ್ಯಾಕೆಟ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಪ್ರಕಟಿಸಿದರು. 4,243 ಮೀಟರು ಎತ್ತರದ ಫೆರಿಚೆಯಲ್ಲಿ ಅವರು ಪರೀಕ್ಷಿಸಿದ 278 ಯಾತ್ರಿಕರಲ್ಲಿ ಶೇಕಡ 53 ಮಂದಿಗೆ ಪರ್ವತವ್ಯಾಧಿಯ ಲಕ್ಷಣಗಳಿದ್ದವು. ವಿಮಾನದಲ್ಲಿ ಬಂದವರಲ್ಲಿ ಆ ಪ್ರಮಾಣ ಹೆಚ್ಚಾಗಿತ್ತು. ಇದಕ್ಕೆ ಮೊದಲೇ, 1962ರ ಯುದ್ಧದ ಕಾಲದಲ್ಲಿ ಭಾರತೀಯ ಯೋಧರನ್ನು ತ್ವರಿತವಾಗಿ ಎತ್ತರದ ಗಡಿಗೆ ಸಾಗಿಸಿದಾಗ ಇದೇ ವಿಪತ್ತು ಎದುರಾಗಿತ್ತು. ಇಂದರ್‌ಜಿತ್ ಸಿಂಗ್ ಮತ್ತು ಇತರ ವೈದ್ಯರು 1,925 ಯೋಧರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆಧಾರಭೂತವಾದುದು.

ಈ ಎರಡು ಅಧ್ಯಯನಗಳಿಂದ ನಾವು ಗ್ರಹಿಸಬೇಕಾದ ತತ್ತ್ವ ಒಂದೇ. ಭಾದಗಾಂವಿನಿಂದ ನಡೆದವರು ದೀರ್ಘ ನಡಿಗೆಯನ್ನು ಆರಿಸಿಕೊಂಡವರಲ್ಲ. ಬೇರೆ ಉಪಾಯವಿಲ್ಲದ್ದರಿಂದ ನಡೆದರು. ಹಾಗಿದ್ದರೂ ಆ ವಿಳಂಬವು ಅವರ ದೇಹಗಳನ್ನು ಕ್ರಮಕ್ರಮವಾಗಿ ಹದಗೊಳಿಸಿತು. ವಿಳಂಬವು ಕಳೆದುಹೋದ ಮೇಲೆ, ಅದು ಮಾಡುತ್ತಿದ್ದ ಕಾರ್ಯವನ್ನು ನಿಯಮದ ಮೂಲಕ ಮತ್ತೆ ತುಂಬಬೇಕಾಯಿತು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಬೇಕು ಎಂಬ ಇಂದಿನ ಸೂತ್ರವು ಕಳೆದುಹೋದ ಹಾದಿಯ ಪ್ರತಿನಿಧಿಯೇ ಸರಿ.

ಋತುವಿನ ಲೆಕ್ಕವೂ ಹೀಗೆಯೇ ಪೂರ್ವಾನುಭವದ ಮೇಲೆ ನಿಂತದ್ದು. ಮಳೆಗಾಲದ ಅನಂತರದ ಅಕ್ಟೋಬರ್ ತಿಂಗಳನ್ನು ಯಾತ್ರೆಗೆ ಪ್ರಶಸ್ತವೆನ್ನುತ್ತಾರೆ. ಆದರೆ 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣವನ್ನು ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವು ಎರಡು ದಿನಗಳ ತರುವಾಯ ಅನ್ನಪೂರ್ಣಾ ಪ್ರದೇಶದ ಥೊರಾಂಗ್ ಲಾ ಪರಿಸರದಲ್ಲಿ ಹಿಮದ ಬಿರುಗಾಳಿಯಾಗಿ, 40ಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. ಮಡಿದವರಲ್ಲಿ ಮಾರ್ಗದರ್ಶಕರೂ ಹೊರೆಯಾಳುಗಳೂ ಇದ್ದರು. ಪಂಚಾಂಗವು ಸಂಭವವನ್ನು ತಿಳಿಸುತ್ತದೆ, ಅಭಯವನ್ನು ಕೊಡುವುದಿಲ್ಲ.

ಇನ್ನು ಹೊರೆಯಾಳುಗಳ ವಿಷಯ. ಹೊರೆಹೊರುವವರೆಲ್ಲರೂ ಷೆರ್ಪಾಗಳೆಂದೂ, ಎತ್ತರವು ಅವರನ್ನು ಬಾಧಿಸದೆಂದೂ ಹೊರಗಿನವರಲ್ಲಿ ಒಂದು ಭಾವನೆಯುಂಟು. ವಸ್ತುಸ್ಥಿತಿ ಬೇರೆ. ಹೊರೆಯಾಳುಗಳಲ್ಲಿ ಅನೇಕರು ತಗ್ಗಿನ ಕಣಿವೆಗಳ ರಾಯಿ, ತಮಾಂಗ್ ಮುಂತಾದ ಸಮುದಾಯಗಳ ರೈತರು; ಪ್ರವಾಸಿಗನಂತೆಯೇ ಅವರ ದೇಹಕ್ಕೂ ಹೊಂದಿಕೊಳ್ಳಲು ಕಾಲ ಬೇಕು. ಯಾತ್ರಿಕನ ವಿಶ್ರಾಂತಿದಿನವನ್ನು ಯೋಜನೆಯಲ್ಲಿ ಬರೆದು, ಅದೇ ದಿನ ಹೊರೆಯಾಳನ್ನು ಕೂಲಿಯಿಲ್ಲದೆ ಕೂರಿಸುವುದಾಗಲಿ, ಮತ್ತೊಂದು ಹೊರೆಗೆ ಕಳುಹಿಸುವುದಾಗಲಿ ನಡೆದರೆ, ಆ ಯೋಜನೆಯು 1922ರ ಯೋಜನೆಗಿಂತ ಮುಂದೆ ಬಂದಿದೆಯೆನ್ನಲು ಆಧಾರವಿಲ್ಲ. 2023ರ ಏಪ್ರಿಲ್ 1ರಿಂದ ವಿದೇಶೀ ಯಾತ್ರಿಕರಿಗೆ ಮಾರ್ಗದರ್ಶಿಯು ಕಡ್ಡಾಯವೆಂದು ನೇಪಾಳವು ಪ್ರಕಟಿಸಿತು. ಆ ನಿಯಮವು ಮುಖ್ಯವಾಗಿ ಯಾತ್ರಿಕನ ರಕ್ಷಣೆಯನ್ನು ಕುರಿತದ್ದು; ಹೊರುವವನ ರಕ್ಷಣೆ ಅದರಿಂದ ತಾನಾಗಿ ಸಿದ್ಧಿಸುವುದಿಲ್ಲ.

ಆರೋಹಣಗಳ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳು ಶಿಖರದ ಅಧ್ಯಾಯದೊಡನೆ, ಕೊನೆಯಲ್ಲಿ ಅನುಬಂಧವಾಗಿ ಕೊಟ್ಟಿರುವ ಸಾಮಗ್ರಿಪಟ್ಟಿ, ಆಹಾರದ ತೂಕ, ದಿನಚರಿಗಳನ್ನೂ ಪರೀಕ್ಷಿಸಬೇಕೆಂದು ನಾವು ಸೂಚಿಸುತ್ತೇವೆ. ಎಷ್ಟು ಜೊತೆ ಬೂಟುಗಳನ್ನು ಕೊಂಡರು, ಅವು ಎಷ್ಟು ಜನರಿಗೆ ಸಾಲುತ್ತಿದ್ದವು ಎಂಬ ಸಣ್ಣ ಲೆಕ್ಕವು, ಆ ಯಾತ್ರೆಯಲ್ಲಿ ಯಾರನ್ನು ಸಹಯಾತ್ರಿಗಳೆಂದು ಎಣಿಸಿದ್ದರು ಎಂಬುದನ್ನು ಮುನ್ನುಡಿಗಿಂತ ನಿಷ್ಪಕ್ಷಪಾತವಾಗಿ ತಿಳಿಸಬಲ್ಲುದು.